ಮಾರಿಯನ್ ರೆಯೆಫ್‌ಸ್ಕಿ

ತಂತಿಯಿಲ್ಲದೆ ಸಾಗುವ ಸಂದೇಶವು ಮಿತ್ರನಿಗೂ ಶತ್ರುವಿಗೂ ಸಮನಾಗಿ ಕೇಳುವುದು. ಅದನ್ನು ಕಾಯುವುದು ಕಳುಹಿಸುವವನೂ ಪಡೆಯುವವನೂ ಮಾತ್ರ ಬಲ್ಲ ಗುಪ್ತ ಕೀಲಿ. ಇಂಥ ಕೀಲಿಯ ಮರ್ಮವನ್ನರಿತ ಪೋಲೆಂಡಿನ ಗಣಿತಜ್ಞ ಮಾರಿಯನ್ ರೆಯೆಫ್‌ಸ್ಕಿಯವರು ೧೯೦೫ರಲ್ಲಿ ಜನಿಸಿದರು.

ಜರ್ಮನ್ ಸೇನೆಯು ಎನಿಗ್ಮಾ ಯಂತ್ರದಿಂದ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುತ್ತಿತ್ತು. ತಪ್ಪಾಗದಿರಲೆಂದು ಪ್ರತಿ ಸಂದೇಶದ ಮೂರಕ್ಷರದ ಕೀಲಿಯನ್ನು ಆರಂಭದಲ್ಲಿ ಎರಡು ಬಾರಿ ಗೂಢವಾಗಿ ಕಳುಹಿಸುತ್ತಿದ್ದರು. ಆ ಎಚ್ಚರಿಕೆಯೇ ಮುಳುವಾಯಿತು. ಈ ಪುನರಾವೃತ್ತಿಯ ಜಾಡು ಹಿಡಿದು, ಫ್ರಾನ್ಸ್ ಒದಗಿಸಿದ ದಾಖಲೆಗಳ ನೆರವಿನಿಂದ, ರೆಯೆಫ್‌ಸ್ಕಿಯವರು ೧೯೩೨ರ ಕೊನೆಯಲ್ಲಿ ಯಂತ್ರದ ಒಳರಚನೆಯನ್ನು ಗಣಿತದಿಂದ ಭೇದಿಸಿದರು. ೧೯೩೯ರ ಜುಲೈ ತಿಂಗಳಲ್ಲಿ ಪೋಲೆಂಡು ಈ ವಿದ್ಯೆಯನ್ನು ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳಿಗೆ ಧಾರೆಯೆರೆಯಿತು.

ಯುದ್ಧಾನಂತರ ತವರಿಗೆ ಮರಳಿ ಸಾಮಾನ್ಯ ನೌಕರಿಯಲ್ಲಿದ್ದ ಅವರು ಬಹುಕಾಲ ಈ ಸಾಧನೆಯ ಬಗ್ಗೆ ಬಾಯಿಬಿಡಲಿಲ್ಲ. ೧೯೮೦ರಲ್ಲಿ ನಿಧನರಾದರು. ಕೀಲಿಯನ್ನು ಹಂಚುವ ಬಗೆ ದುರ್ಬಲವಾದರೆ ಗುಟ್ಟು ಗುಟ್ಟಾಗಿ ಉಳಿಯದೆಂಬುದನ್ನು ಅವರು ಜಗತ್ತಿಗೆ ತೋರಿಸಿಕೊಟ್ಟರು.