ಭಾಸ್ಕರಾಚಾರ್ಯರ ಬಿದಿರು

ಮಕ್ಕಳೇ, ಪ್ರೌಢಶಾಲೆಯ ರೇಖಾಗಣಿತ ಬಹಳ ಕಷ್ಟ ಎಂದು ಯಾರಾದರೂ ನಿಮ್ಮನ್ನು ಹೆದರಿಸಿದ್ದಾರೆಯೇ? ಹಾಗಾದರೆ ಭಾಸ್ಕರಾಚಾರ್ಯರ ಪರಿಚಯ ಮಾಡಿಕೊಳ್ಳಿ.

ಅವರು ಹುಟ್ಟಿದ್ದು 1114ರಲ್ಲಿ, ವಿಜ್ಜಡವಿಡ ಎಂಬ ಊರಿನಲ್ಲಿ. ಆಲಮೇಲದ ಮಕ್ಕಳಿಗೆ ಜಿಲ್ಲಾ ಕೇಂದ್ರವಾಗಿರುವ ವಿಜಯಪುರವೇ ಆ ಊರು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ; ಅದು ಮಹಾರಾಷ್ಟ್ರದಲ್ಲಿತ್ತು ಎಂದು ಇನ್ನು ಕೆಲವರ ಅಭಿಪ್ರಾಯ. ತಂದೆ ಮಹೇಶ್ವರರೇ ಅವರಿಗೆ ಗುರು. 1150ರಲ್ಲಿ, 36ನೆಯ ವಯಸ್ಸಿನಲ್ಲಿ, ಅವರು ‘ಸಿದ್ಧಾಂತ ಶಿರೋಮಣಿ’ಯನ್ನು ಬರೆದರು. ‘ಲೀಲಾವತಿ’ ಅದರ ಮೊದಲ ಭಾಗ.

ಅದರಲ್ಲಿ ಬಿದಿರಿನ ಲೆಕ್ಕವೊಂದಿದೆ. 32 ಮೊಳ ಎತ್ತರದ ಬಿದಿರು ಗಾಳಿಗೆ ಮುರಿದು ಬಾಗಿತು. ತುದಿಯು ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿತು. ಹಾಗಾದರೆ ಬಿದಿರು ಎಷ್ಟು ಎತ್ತರದಲ್ಲಿ ಮುರಿಯಿತು? ಚಿತ್ರ ಬರೆದು ನೋಡಿ. ಲಂಬಕೋನ ತ್ರಿಭುಜ ಕಾಣುತ್ತದೆ. ಉತ್ತರ 12 ಮೊಳ. ಬಾಗಿದ ತುಂಡು 20 ಮೊಳ. 12ರ ವರ್ಗ 144, 16ರ ವರ್ಗ 256. ಕೂಡಿದರೆ 400, ಅಂದರೆ 20ರ ವರ್ಗ. ಪ್ರೌಢಶಾಲೆಯಲ್ಲಿ ಇದನ್ನೇ ಪೈಥಾಗೊರಸ್‌ನ ಪ್ರಮೇಯ ಎಂದು ಕಲಿಯುವಿರಿ.

ಗೋಳದ ಮೇಲ್ಮೈ ಅಳೆಯಲು ಹಿಂದಿನ ಪಂಡಿತ ಲಲ್ಲ ಕೊಟ್ಟಿದ್ದ ಸೂತ್ರ ತಪ್ಪಾಗಿತ್ತು. ಹಿರಿಯರ ಮಾತೆಂದು ಭಾಸ್ಕರರು ಅದನ್ನು ಒಪ್ಪಲಿಲ್ಲ. ಮೇಲ್ಮೈಯನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ವಿಂಗಡಿಸಿ ಲೆಕ್ಕ ಹಾಕಿದರು. ಚೆಂಡನ್ನು ಸರಿಯಾಗಿ ನಡುವೆ ಕತ್ತರಿಸಿದಾಗ ಕಾಣುವ ವೃತ್ತದ ಕ್ಷೇತ್ರಫಲದ ನಾಲ್ಕರಷ್ಟು ಅದರ ಮೇಲ್ಮೈ ಎಂದು ತೋರಿಸಿದರು.

ಪ್ರೌಢಶಾಲೆಯಲ್ಲಿ ಉತ್ತರ ಬರೆದರಷ್ಟೇ ಸಾಲದು. ಅದು ಏಕೆ ಸರಿ ಎಂದು ಹಂತ ಹಂತವಾಗಿ ಸಾಧಿಸಬೇಕು. ಬಾಯಿಪಾಠ ಅಲ್ಲಿ ನೆರವಿಗೆ ಬಾರದು. ಮೊದಲು ಚಿತ್ರ ಬರೆಯಿರಿ, ಆಮೇಲೆ ‘ಏಕೆ?’ ಎಂದು ಕೇಳಿ. ಹಾಗೆ ಕೇಳಲು ನೀವು ಇನ್ನೂ ಚಿಕ್ಕವರೇನಲ್ಲ!