ತನ್ನ ಪಾಡಿಗೆ ತಾನಿದ್ದು ಭೂಮಿ ತೂಗಿದವನು

ಫಿಸಿಕ್ಸ್ ವೈವಾದಲ್ಲಿ ಹೆಚ್ಚುಕಮ್ಮಿ ತಪ್ಪದೇ ಬರೋ ಪ್ರಶ್ನೆ ಒಂದಿದೆ. ಗುರುತ್ವ ಸ್ಥಿರಾಂಕ, ಅಂದ್ರೆ ನಮ್ಮ ಕ್ಯಾಪಿಟಲ್ ಜಿ, ಅದನ್ನು ಅಳೆದವರು ಯಾರು? ಹೆನ್ರಿ ಕ್ಯಾವೆಂಡಿಶ್ ಅಂತ ಹೇಳಿ ನಾವೆಲ್ಲ ಮುಂದಿನ ಪ್ರಶ್ನೆಗೆ ಹೋಗಿಬಿಡ್ತೀವಿ. ಅಸಲಿಗೆ ಆತ ಜಿ ಅಳೆಯೋಕೆ ಹೊರಟಿರಲೇ ಇಲ್ಲ. ಅವನಿಗೆ ಬೇಕಿದ್ದದ್ದು ಭೂಮಿಯ ಸಾಂದ್ರತೆ. ಜಿ ಬೆಲೆಯನ್ನು ಅವನ ಅಳತೆಗಳಿಂದ ಲೆಕ್ಕ ಹಾಕಿ ತೆಗೆದವರು ಆಮೇಲೆ ಬಂದವರು.

ಆದರೆ ಈ ಲೇಖನ ಆ ಪ್ರಯೋಗದ ಬಗ್ಗೆ ಮಾತ್ರ ಅಲ್ಲ. ಎದುರಿಗೆ ಬಂದವರ ಮುಖ ನೋಡಿ ನಾಲ್ಕು ಮಾತಾಡೋಕೂ ಆಗದ ಒಬ್ಬ ಮನುಷ್ಯ 78 ವರ್ಷ ಹೇಗೆ ಬದುಕಿದ ಅನ್ನೋದರ ಬಗ್ಗೆ. ಅವನನ್ನು ಹುಡುಕಿಕೊಂಡು ಹೋಗಿ ಓದಿದ್ದಕ್ಕೆ ನನ್ನದೇ ಒಂದು ಕಾರಣ ಇದೆ. ಅದನ್ನ ಕೊನೆಗೆ ಹೇಳ್ತೀನಿ.

ಕ್ಯಾವೆಂಡಿಶ್ ಹುಟ್ಟಿದ್ದು 1731ರ ಅಕ್ಟೋಬರ್ 10ರಂದು, ಇವತ್ತಿನ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ. ಇಂಗ್ಲೆಂಡಿನ ದೊಡ್ಡ ಮನೆತನ. ತಂದೆಯ ಕಡೆಯ ತಾತ ಡೆವನ್‌ಶೈರಿನ ಡ್ಯೂಕ್, ತಾಯಿಯ ಕಡೆಯ ತಾತ ಕೆಂಟ್‌ನ ಡ್ಯೂಕ್. ಎರಡು ವರ್ಷದ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. ಸಾಕಿದ್ದು ತಂದೆ ಲಾರ್ಡ್ ಚಾರ್ಲ್ಸ್. ಈ ಚಾರ್ಲ್ಸ್ ಕೂಡ ಸಾಮಾನ್ಯ ಆಸಾಮಿಯಲ್ಲ. ರಾಜಕೀಯ ಬಿಟ್ಟು ಉಷ್ಣಮಾಪಕ ಮಾಡ್ತಾ ಕೂತು, ಅದಕ್ಕೆ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಪಡೆದ ಮನುಷ್ಯ.

ಹೆನ್ರಿ 1749ರಲ್ಲಿ ಕೇಂಬ್ರಿಡ್ಜ್ ಸೇರಿದ. ಮೂರು ವರ್ಷಕ್ಕೂ ಹೆಚ್ಚು ಓದಿ, 1753ರಲ್ಲಿ ಡಿಗ್ರಿ ತಗೊಳ್ಳದೇ ಹೊರಬಂದ. ಬಂದು ಲಂಡನ್ನಿನಲ್ಲಿ ಅಪ್ಪನ ಮನೆಯಲ್ಲೇ ಉಳಿದ. 1783ರಲ್ಲಿ ಅಪ್ಪ ಸಾಯುವ ತನಕ, ಅಂದ್ರೆ ತನ್ನ 51ನೇ ವಯಸ್ಸಿನವರೆಗೂ ಆತ ಅಪ್ಪನ ಜೊತೆಗೇ ಇದ್ದ. ಮದುವೆಯಾಗಲಿಲ್ಲ, ಪದವಿ ಹುಡುಕಲಿಲ್ಲ. ನಮ್ಮ ಕಡೆ ಆಗಿದ್ದರೆ ನೆಂಟರೆಲ್ಲ ಸೇರಿ ಆ ಅಪ್ಪನ ತಲೆ ತಿಂದುಬಿಡ್ತಿದ್ದರು. ಚಾರ್ಲ್ಸ್ ಮಗನಿಗಾಗಿ ಮಾಡಿದ್ದು ಒಂದು ಸಣ್ಣ ಕೆಲಸ. 1758ರಿಂದ ತಾನು ರಾಯಲ್ ಸೊಸೈಟಿಯ ಸಭೆಗೆ, ಅದರ ಸದಸ್ಯರ ಊಟದ ಕ್ಲಬ್ಬಿಗೆ ಹೋಗುವಾಗ ಮಗನನ್ನೂ ಅತಿಥಿಯಾಗಿ ಕರೆದುಕೊಂಡು ಹೋಗತೊಡಗಿದ. ಎರಡು ವರ್ಷ ಹೀಗೆ ಅಪ್ಪನ ಪಕ್ಕದಲ್ಲಿ ಕೂತು ಕೂತು, 1760ರಲ್ಲಿ ಹೆನ್ರಿ ಎರಡಕ್ಕೂ ಸ್ವತಃ ಸದಸ್ಯನಾದ. ಆಮೇಲೆ 50 ವರ್ಷ ಆ ಊಟದ ಮೇಜನ್ನು ಅವನು ಬಿಡಲಿಲ್ಲ.

ಈಗ ಅವನ ಸ್ವಭಾವಕ್ಕೆ ಬರೋಣ. ದನಿ ಕೀರಲು, ಮಾತು ತಡವರಿಸುತ್ತಿತ್ತು. ಹೊಸಬರು ಎದುರು ಬಂದರೆ ಮೈಯೆಲ್ಲ ಮುದುಡಿಹೋಗುತ್ತಿತ್ತು. ಯಾರಾದರೂ ಎದುರಿಗೇ ಹೊಗಳಿದರಂತೂ ಜನರ ಮಧ್ಯೆ ದಾರಿ ಮಾಡಿಕೊಂಡು ಓಡಿಹೋಗುತ್ತಿದ್ದ. ಬಟ್ಟೆ ಯಾವಾಗಲೂ ಒಂದೇ ಥರ. ಮಾಸಿದ ನೇರಳೆ ಬಣ್ಣದ ಕೋಟು, ಎತ್ತರದ ಕಾಲರು, ಮೂರು ಮೂಲೆಯ ಟೋಪಿ. ಆ ಫ್ಯಾಷನ್ ಹೋಗಿ ಎಷ್ಟೋ ವರ್ಷವಾಗಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಟೋಪಿ ನೇತುಹಾಕುವ ಗೂಟ ಕೂಡ ಅದೇ ಆಗಿರಬೇಕಿತ್ತು.

ಹೆಂಗಸರ ಎದುರು ಮಾತು ಪೂರ್ತಿ ನಿಂತೇಹೋಗುತ್ತಿತ್ತು. ಇವತ್ತು ಊಟಕ್ಕೆ ಏನು ಬೇಕು ಅಂತ ಚೀಟಿ ಬರೆದು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದ, ಮನೆ ನೋಡಿಕೊಳ್ಳುವಾಕೆ ಅದನ್ನು ಓದಿ ಅಡುಗೆ ಮಾಡಿಸುತ್ತಿದ್ದಳು. ಆಕೆಗೆ ಎದುರಾಗೋದು ತಪ್ಪಲಿ ಅಂತ ಮನೆಗೆ ಇನ್ನೊಂದು ಮೆಟ್ಟಿಲ ಸಾಲನ್ನೇ ಕಟ್ಟಿಸಿಕೊಂಡ ಅಂತ ಅವನ ಜೀವನಚರಿತ್ರೆಗಳು ಹೇಳುತ್ತವೆ. ಕೇಳಿದವರು ನಗುತ್ತಾರೆ. ಮೊದಲ ಸಲ ಓದಿದಾಗ ನಾನೂ ನಕ್ಕಿದ್ದೆ.

ಆಮೇಲೆ ಕೂತು ಯೋಚಿಸಿದಾಗ ಅನಿಸಿದ್ದು ಬೇರೆ. ಇದನ್ನ ಒಂದು ಡಿಸೈನ್ ಪ್ರಾಬ್ಲಂ ಅಂತ ನೋಡಿ. ತನಗೆ ಏನು ಆಗಲ್ಲ ಅನ್ನೋದು ಆ ಮನುಷ್ಯನಿಗೆ ಸರಿಯಾಗಿ ಗೊತ್ತಿತ್ತು. ಅದನ್ನು ದಿನಾ ಬೆಳಗ್ಗೆ ಎದ್ದು ಹಲ್ಲು ಕಚ್ಚಿಕೊಂಡು ಎದುರಿಸೋ ಬದಲು ಮನೆಯ ವ್ಯವಸ್ಥೆಯನ್ನೇ ತನಗೆ ಹೊಂದುವ ಹಾಗೆ ಬದಲಾಯಿಸಿಕೊಂಡ. ಕ್ಲ್ಯಾಫಮ್‌ನ ಮನೆಯಲ್ಲಿ ಬಹುಪಾಲು ಜಾಗ ಪ್ರಯೋಗಶಾಲೆಯೇ ಆಗಿತ್ತು. ಪುಸ್ತಕಗಳನ್ನು ಮಾತ್ರ ಊರೊಳಗೆ ಬೇರೆ ಮನೆಯಲ್ಲಿ ಇಟ್ಟು, ವಿದ್ವಾಂಸರು ಬಂದು ಓದಲಿ, ಬೇಕಾದರೆ ಒಯ್ಯಲಿ ಅಂತ ತೆರೆದಿಟ್ಟ. ಅದಕ್ಕೊಬ್ಬ ಗ್ರಂಥಪಾಲಕನನ್ನೂ ನೇಮಿಸಿದ. ತನ್ನದೇ ಪುಸ್ತಕ ತಾನೇ ಒಯ್ಯುವಾಗಲೂ ಎಲ್ಲರಂತೆ ಬರೆದಿಟ್ಟು ಒಯ್ಯುತ್ತಿದ್ದ. ಜನರಿಗೆ ಉಪಕಾರವೂ ಆಯ್ತು, ಅವರು ಮನೆ ಬಾಗಿಲಿಗೆ ಬರೋದೂ ತಪ್ಪಿತು.

ಇಷ್ಟೇ ಆಗಿದ್ದರೆ ಅದು ಗುಹೆಯಲ್ಲಿ ಕೂತವನ ಕತೆ ಆಗುತ್ತಿತ್ತು. ಆದರೆ ಗುರುವಾರ ಬಂತು ಅಂದ್ರೆ ಈ ಮನುಷ್ಯ ಕ್ಲಬ್ಬಿನ ಊಟಕ್ಕೆ ಹಾಜರು. ಸರ್ ಜೋಸೆಫ್ ಬ್ಯಾಂಕ್ಸ್ ಮನೆಯಲ್ಲಿ ವಿಜ್ಞಾನಿಗಳು ಸೇರುವ ಸಂಜೆಗಳಿಗೂ ಬರುತ್ತಿದ್ದ. ಬಾಗಿಲ ಹೊರಗೆ ನಿಂತು ಒಳಗೆ ಹೋಗೋದೋ ಬೇಡವೋ ಅಂತ ಒದ್ದಾಡುತ್ತಿದ್ದ, ಹಿಂದಿನಿಂದ ಯಾರಾದರೂ ಬರುವುದು ಕಂಡರೆ ಮಾತ್ರ ಒಳಗೆ ನುಗ್ಗುತ್ತಿದ್ದ ಅಂತ ಒಂದು ಕತೆ ಇದೆ. ಲ್ಯಾಬಿನ ಬಾಗಿಲಲ್ಲಿ, ಫೆಸ್ಟಿನ ಸ್ಟಾಲ್ ಮುಂದೆ ಹೀಗೆ ನಿಂತವರು ನಮ್ಮಲ್ಲೂ ಇದ್ದೀರಿ, ನನಗೆ ಗೊತ್ತು.

ಇಲ್ಲಿ ಆ ಸ್ನೇಹಿತರ ಗುಂಪನ್ನೂ ಮೆಚ್ಚಬೇಕು. ಕ್ಯಾವೆಂಡಿಶ್ ಜೊತೆ ಮಾತಾಡೋದು ಹೇಗೆ ಅನ್ನೋದನ್ನ ಅವರು ಕಲಿತುಕೊಂಡರು. ಅವನ ಕಡೆ ನೋಡಬಾರದು. ಹತ್ತಿರ ನಿಂತು, ಗಾಳಿಗೆ ಹೇಳುವಂತೆ ವಿಷಯ ಹೇಳಬೇಕು. ವಿಷಯದಲ್ಲಿ ಹುರುಳಿದ್ದರೆ ಪಕ್ಕದಿಂದ ಉತ್ತರ ಬರುತ್ತಿತ್ತು, ಅದೂ ಎಂಥ ಉತ್ತರ! ಹೊಸದಾಗಿ ಬಂದವರಿಗೆ ಹಳಬರು ಈ ಉಪಾಯ ಹೇಳಿಕೊಡುತ್ತಿದ್ದರು. ಅವನು ಬದಲಾಗಲಿ ಅಂತ ಯಾರೂ ಕಾಯಲಿಲ್ಲ.

ಅವನ ಚಿತ್ರ ಬರೆಸಲು ಮಾತ್ರ ಯಾರಿಂದಲೂ ಆಗಲಿಲ್ಲ, ಆತ ಒಪ್ಪಲೇ ಇಲ್ಲ. ಕೊನೆಗೆ ವಿಲಿಯಂ ಅಲೆಕ್ಸಾಂಡರ್ ಎಂಬ ಚಿತ್ರಕಾರ ಕ್ಲಬ್ಬಿನ ಊಟಕ್ಕೆ ಬಂದು, ಅವನಿಗೆ ತಿಳಿಯದ ಹಾಗೆ ಗೀಚಿಕೊಂಡು ಹೋದ. ಇವತ್ತು ಎಲ್ಲ ಪುಸ್ತಕದಲ್ಲೂ ಕಾಣೋ ಆ ಕೋಟು, ಟೋಪಿಯ ಚಿತ್ರ ಅದೇ.

ಕೆಲಸದ ವಿಷಯಕ್ಕೆ ಬಂದರೆ, 1766ರಲ್ಲಿ ಆತ ಲೋಹದ ಮೇಲೆ ಆಮ್ಲ ಹಾಕಿದಾಗ ಏಳುವ, ಹೊತ್ತಿ ಉರಿಯುವ ಗಾಳಿಯೊಂದನ್ನು ಅಳೆದು ತೂಗಿ ವಿವರಿಸಿದ. ಅದೇ ಹೈಡ್ರೋಜನ್. ಆ ಕೆಲಸಕ್ಕೆ ಕಾಪ್ಲಿ ಪದಕ ಬಂತು. 1784ರಲ್ಲಿ ಅದೇ ಗಾಳಿ ಉರಿದಾಗ ಉಳಿಯೋದು ನೀರು ಅಂತ ತೋರಿಸಿದ ಪ್ರಯೋಗಗಳನ್ನು ಪ್ರಕಟಿಸಿದ. ಮರುವರ್ಷ ಗಾಳಿಯ ಸಾರಜನಕವನ್ನೆಲ್ಲ ಕಿಡಿ ಹಾಯಿಸಿ ಹಾಯಿಸಿ ತೆಗೆದ ಮೇಲೂ ಒಂದು ಪುಟ್ಟ ಗುಳ್ಳೆ ಉಳಿಯಿತು. ಸಾರಜನಕದ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲದ ಗುಳ್ಳೆ. ಪ್ರಯೋಗದ ದೋಷ ಅಂತ ನಾವಾದರೆ ರೆಕಾರ್ಡಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದೆವು. ಆತ ಅದನ್ನೂ ಅಳೆದು ದಾಖಲಿಸಿದ. ಸುಮಾರು 110 ವರ್ಷದ ನಂತರ, 1894ರಲ್ಲಿ, ರ್‍ಯಾಲೆ ಮತ್ತು ರ್‍ಯಾಮ್ಸೆ ಆ ಗುಳ್ಳೆಯಲ್ಲಿ ಇದ್ದದ್ದು ಆರ್ಗಾನ್ ಅಂತ ಜಗತ್ತಿಗೆ ತಿಳಿಸಿದರು.

ಎಲೆಕ್ಟ್ರಿಕಲ್ ಬ್ರಾಂಚಿನವರು ಈಗ ಕಿವಿಗೊಡಿ. ಆ ಕಾಲದಲ್ಲಿ ಆಮೀಟರ್ ಇರಲಿಲ್ಲ. ಕ್ಯಾವೆಂಡಿಶ್ ತನ್ನ ಮೈಯನ್ನೇ ಮೀಟರ್ ಮಾಡಿಕೊಂಡ. ಗಾಜಿನ ಕೊಳವೆಯಲ್ಲಿ ಉಪ್ಪುನೀರು ತುಂಬಿ, ಲೇಡನ್ ಜಾಡಿಯ ವಿದ್ಯುತ್ತನ್ನು ಅದರ ಮೂಲಕ ತನ್ನ ಕೈಗೆ ಹಾಯಿಸಿಕೊಳ್ಳುತ್ತಿದ್ದ. ಶಾಕ್ ಬೆರಳಿಗೆ ನಿಂತಿತೋ, ಮಣಿಕಟ್ಟಿಗೆ ಬಂತೋ, ಮೊಣಕೈ ಮುಟ್ಟಿತೋ ಅಂತ ನೋಡಿ ಎರಡು ದ್ರಾವಣಗಳನ್ನು ಹೋಲಿಸುತ್ತಿದ್ದ. ಹೀಗೆ ಮೈಯಿಂದಲೇ ಅಳೆದು, ಓಮ್ ತನ್ನ ನಿಯಮ ಪ್ರಕಟಿಸಿದ 1827ಕ್ಕಿಂತ ನಾಲ್ಕು ದಶಕ ಮೊದಲೇ ಅದಕ್ಕೆ ಸಮನಾದ ಫಲಿತಾಂಶಕ್ಕೆ ಬಂದಿದ್ದ. ವಿದ್ಯುತ್ ಬಲ ದೂರದ ವರ್ಗಕ್ಕೆ ವಿಲೋಮವಾಗಿರುತ್ತೆ ಅನ್ನೋದನ್ನೂ ಕೂಲಂಬ್‌ಗಿಂತ ಮೊದಲೇ ಒಂದರೊಳಗೊಂದು ಗೋಳ ಇಟ್ಟು ಪರೀಕ್ಷಿಸಿದ್ದ.

ಇದೆಲ್ಲ ಬರೆದು ಪೆಟ್ಟಿಗೆಯಲ್ಲಿಟ್ಟ, ಅಷ್ಟೇ. ಪ್ರಕಟಿಸಲಿಲ್ಲ. ಅವನು ಸತ್ತು ಸುಮಾರು 70 ವರ್ಷವಾದ ಮೇಲೆ, 1879ರಲ್ಲಿ, ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಆ ಹಾಳೆಗಳನ್ನು ಸಂಪಾದಿಸಿ ಹೊರತಂದ. ತನ್ನ ಕೊನೆಯ ವರ್ಷಗಳನ್ನು ಮ್ಯಾಕ್ಸ್‌ವೆಲ್ ಅದಕ್ಕೆ ಕೊಟ್ಟ. ಶಾಕ್ ಹೊಡೆಸಿಕೊಳ್ಳುವ ಪ್ರಯೋಗವನ್ನೂ ತನ್ನ ಲ್ಯಾಬಿನಲ್ಲಿ ಮತ್ತೆ ಮಾಡಿ ನೋಡಿದ. ಆ ಲ್ಯಾಬೇ ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಲ್ಯಾಬೊರೇಟರಿ.

ಕೊನೆಯ ದೊಡ್ಡ ಪ್ರಯೋಗ 1797–98ರದ್ದು. ಆಗ ವಯಸ್ಸು 66ರ ಆಸುಪಾಸು. ಉಪಕರಣದ ಯೋಚನೆ ಗೆಳೆಯ ಜಾನ್ ಮಿಚೆಲ್‌ನದು. ಆತ ಪ್ರಯೋಗ ಮಾಡುವ ಮೊದಲೇ ತೀರಿಕೊಂಡಿದ್ದ, ಉಪಕರಣ ಕೈಯಿಂದ ಕೈಗೆ ಬಂದು ಕ್ಯಾವೆಂಡಿಶ್‌ಗೆ ಸೇರಿತು. ತಂತಿಯಿಂದ ಇಳಿಬಿಟ್ಟ ಆರು ಅಡಿ ಕೋಲು, ಅದರ ಎರಡು ತುದಿಗೆ ಮುಕ್ಕಾಲು ಕೆ.ಜಿ.ಯಷ್ಟಿನ ಸೀಸದ ಗುಂಡು, ಪಕ್ಕಕ್ಕೆ ತರಲು ಸುಮಾರು 158 ಕೆ.ಜಿ.ಯ ಎರಡು ದೊಡ್ಡ ಗುಂಡು. ದೊಡ್ಡದು ಚಿಕ್ಕದನ್ನು ಎಳೆಯುವ ಬಲ, ಚಿಕ್ಕ ಗುಂಡಿನ ತೂಕದ 5 ಕೋಟಿಯಲ್ಲಿ ಒಂದು ಪಾಲು! ಹತ್ತಿರ ಯಾರಾದರೂ ನಿಂತರೆ ಮೈಶಾಖಕ್ಕೆ ಗಾಳಿ ಅಲುಗಿ ಎಲ್ಲ ಕೆಟ್ಟುಹೋಗುತ್ತೆ. ಅದಕ್ಕೇ ಉಪಕರಣವನ್ನು ಕೋಣೆಯೊಳಗೆ ಮುಚ್ಚಿ, ತಾನು ಹೊರಗೆ ನಿಂತು, ಗೋಡೆಯ ತೂತಿನಿಂದ ದೂರದರ್ಶಕ ಇಟ್ಟು ನೋಡಿದ. ದೊಡ್ಡ ಗುಂಡನ್ನು ಸರಿಸುವುದೂ ಹೊರಗಿನಿಂದಲೇ. ತಿಂಗಳುಗಟ್ಟಲೆ, ಗಂಟೆಗಟ್ಟಲೆ ನೋಡಿದ. ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು ಅಂತ ಪ್ರಕಟಿಸಿದ. ಇವತ್ತಿನ ಬೆಲೆ 5.51.

ತನ್ನ ಇರವೇ ಕೋಣೆಯನ್ನು ಕದಡುತ್ತೆ ಅನ್ನೋದನ್ನ ಲೆಕ್ಕಕ್ಕೆ ತಗೊಂಡವನು ಅವನು. ಬೇರೆಯವರ ಇರವು ತನ್ನನ್ನು ಎಷ್ಟು ಕದಡುತ್ತೆ ಅಂತ ಜೀವನಪೂರ್ತಿ ಕಂಡವನಿಗೆ ಇದು ಬೇಗ ಹೊಳೆದಿರಬಹುದೇನೋ. ಇದು ನನ್ನ ಊಹೆ ಅಷ್ಟೇ.

1810ರ ಫೆಬ್ರವರಿ 24ರಂದು ಕ್ಯಾವೆಂಡಿಶ್ ತೀರಿಕೊಂಡ. ಇಂಗ್ಲೆಂಡಿನ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬನಾಗಿದ್ದ. ಆ ದುಡ್ಡು ಹೆಚ್ಚಿತೋ ತಗ್ಗಿತೋ ಅಂತ ತಿರುಗಿ ನೋಡಿದವನಲ್ಲ.

2001ರಲ್ಲಿ ನರವೈದ್ಯ ಆಲಿವರ್ ಸ್ಯಾಕ್ಸ್, ಕ್ಯಾವೆಂಡಿಶ್‌ಗೆ ಆಗ ಆಸ್ಪರ್ಗರ್ಸ್ ಅಂತ ಕರೆಯುತ್ತಿದ್ದ, ಈಗ ಆಟಿಸಂ ಒಳಗೇ ಸೇರಿಸಿರುವ ಸ್ಥಿತಿ ಇದ್ದಿರಬಹುದು ಅಂತ ಬರೆದರು. ಸತ್ತವರಿಗೆ ಯಾರೂ ಪರೀಕ್ಷೆ ಮಾಡೋಕಾಗಲ್ಲ, ಹಾಗಾಗಿ ನಾನೂ ಖಚಿತವಾಗಿ ಹೇಳಲ್ಲ. ಮತ್ತೊಂದು ಮಾತನ್ನೂ ಮುಚ್ಚಿಡಬಾರದು. ಎರಡನೇ ಮೆಟ್ಟಿಲು ಕಟ್ಟಿಸೋಕೆ ದುಡ್ಡು ಬೇಕು. ಡ್ಯೂಕನ ಮೊಮ್ಮಗ ತಡವರಿಸಿದರೆ ಜನ ಕಾಯ್ತಾರೆ, ಕೂಲಿಯವನ ಮಗ ತಡವರಿಸಿದರೆ ಕಾಯಲ್ಲ. ಪೆಟ್ಟಿಗೆಯಲ್ಲೇ ಉಳಿದ ಆ ಹಾಳೆಗಳಿಂದ ಆದ ನಷ್ಟವೂ ಸಣ್ಣದಲ್ಲ. ಅವನ ಬದುಕು ಎಲ್ಲದಕ್ಕೂ ಮಾದರಿ ಅಂತ ನಾನು ಹೇಳ್ತಿಲ್ಲ.

ಈಗ ನನ್ನ ಕಾರಣ. ಹೋದ ವರ್ಷ, ನನ್ನ 21ನೇ ವಯಸ್ಸಿನಲ್ಲಿ, ಡಾಕ್ಟರೊಬ್ಬರು ನನಗೆ ಆಟಿಸಂ ಇದೆ ಅಂದರು. ಅದಕ್ಕೂ ಮೊದಲು ಒಂದು ಗ್ರೂಪ್ ಡಿಸ್ಕಷನ್‌ನಲ್ಲಿ ಒಂದೂ ಮಾತಾಡದೇ ಎದ್ದುಬಂದಿದ್ದೆ. ಮೆಸ್ಸಿನ ಗದ್ದಲ ತಡೆಯಲಾರದೆ ಎಷ್ಟೋ ರಾತ್ರಿ ಬಿಸ್ಕತ್ತಿನಲ್ಲಿ ಕಳೆದಿದ್ದೆ. ಎಲ್ಲರಿಗೂ ಆಗೋದು ನನಗ್ಯಾಕೆ ಆಗಲ್ಲ ಅಂತ ಮೂರು ವರ್ಷ ನನ್ನನ್ನೇ ಬೈದುಕೊಂಡಿದ್ದೆ. ಕ್ಯಾವೆಂಡಿಶ್ ಓದಿದ ಮೇಲೆ ಆ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆ ಹಿಡಿದೆ. ನನಗೆ ಬೇಕಾದ ಎರಡನೇ ಮೆಟ್ಟಿಲು ಯಾವುದು? ನನ್ನ ಗುರುವಾರ ಯಾವುದು?

ಡ್ಯೂಕನ ದುಡ್ಡು ನನ್ನ ಹತ್ತಿರ ಇಲ್ಲ. ಆದರೆ ಮೆಸ್ಸಿಗೆ ಈಗ ಏಳೂಕಾಲಿಗೇ ಹೋಗ್ತೀನಿ, ಗದ್ದಲ ಶುರುವಾಗೋ ಮೊದಲು. ಪ್ರಾಜೆಕ್ಟ್ ಟೀಮಿಗೆ ಹೇಳಬೇಕಾದ್ದನ್ನ ಹಿಂದಿನ ರಾತ್ರಿಯೇ ಬರೆದು ಕಳಿಸ್ತೀನಿ. ಅವರೂ ಅದಕ್ಕೆ ಒಗ್ಗಿಕೊಂಡಿದ್ದಾರೆ. ವಾರಕ್ಕೊಮ್ಮೆ ಕನ್ನಡ ಸಂಘದ ಕೂಟಕ್ಕೆ ಬಂದು ಕಿಟಕಿ ಪಕ್ಕದ ಅದೇ ಕುರ್ಚಿಯಲ್ಲಿ ಕೂರ್ತೀನಿ. ಅಲ್ಲಿ ನನ್ನ ಕಡೆ ನೋಡದೇ ಮಾತಾಡೋದನ್ನ ಒಂದಿಬ್ಬರು ಆಗಲೇ ಕಲಿತಿದ್ದಾರೆ.

ಬಾಗಿಲ ಹೊರಗೆ ಯಾರಾದರೂ ಒದ್ದಾಡ್ತಾ ನಿಂತಿದ್ದರೆ, ಗೆಳೆಯರೇ, ಏನೂ ಕೇಳಬೇಡಿ. ಸುಮ್ಮನೆ ಹಿಂದಿನಿಂದ ಬನ್ನಿ, ಜೊತೆಗೆ ಒಳಗೆ ಹೋಗೋಣ.