ಬಾಗಿಲಾಚೆ ಕೂತು ಕಲಿತ ಪಾಸ್ಟರ್

ನಾವು ಪೆಂತೆಕೊಸ್ತಿನವರು ಅಂತ ಹೇಳ್ಕೊಳ್ತೀವಲ್ಲ, ಆ ಉಜ್ಜೀವನದ ಬೆಂಕಿ ಲೋಕಕ್ಕೆಲ್ಲ ಹಬ್ಬಿದ್ದು ಯಾರ ಸಭೆಯಿಂದ ಗೊತ್ತಾ? ವಿಲಿಯಂ ಸೀಮೋರ್ ಅವರ ಸಭೆಯಿಂದ. 1870ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಗುಲಾಮರಾಗಿದ್ದವರು. ಸಿಡುಬಿನಿಂದ ಒಂದು ಕಣ್ಣು ಹೋಗಿತ್ತು.

1906ರ ಆರಂಭ. ಹ್ಯೂಸ್ಟನ್‌ನಲ್ಲಿ ಚಾರ್ಲ್ಸ್ ಪಾರ್‌ಹಮ್ ಎಂಬ ಬಿಳಿಯ ಬೋಧಕರ ಬೈಬಲ್ ಶಾಲೆ ಇತ್ತು. ಕಪ್ಪು ಜನ ಬಿಳಿಯರ ಜೊತೆ ಒಂದೇ ಕೋಣೆಯಲ್ಲಿ ಕೂರುವ ಹಾಗಿರಲಿಲ್ಲ. ಸೀಮೋರ್ ಹೊರಗಿನ ಪಡಸಾಲೆಯಲ್ಲಿ ಕೂತು, ತೆರೆದ ಬಾಗಿಲಿನಿಂದ ಪಾಠ ಕೇಳಿಸಿಕೊಂಡರು. ಪವಿತ್ರಾತ್ಮನ ಅಭಿಷೇಕದ ಬೋಧನೆಯನ್ನು ಹಾಗೆ ಕಲಿತರು. ನಾನಾಗಿದ್ದರೆ ಎದ್ದು ಹೋಗ್ತಿದ್ದೆನೇನೋ.

ಫೆಬ್ರವರಿಯಲ್ಲಿ ಲಾಸ್ ಏಂಜಲಿಸ್‌ನ ಒಂದು ಚಿಕ್ಕ ಸಭೆ ಅವರನ್ನು ಕರೆಸಿತು. ಅನ್ಯಭಾಷೆಯ ಬಗ್ಗೆ ಪ್ರಸಂಗ ಮಾಡಿದರು. ತಿರುಗಿ ಬಂದಾಗ ಬಾಗಿಲಿಗೆ ಬೀಗ! ಗಮನಿಸಿ, ಈ ಸಲ ಹೊರಗಿಟ್ಟವರು ಅವರದೇ ಕಪ್ಪು ಜನ. ಎಡ್ವರ್ಡ್ ಲೀ ಎಂಬ ಸಹೋದರ ಮನೆಯಲ್ಲಿ ಜಾಗ ಕೊಟ್ಟರು. ಬಾನಿ ಬ್ರೇ ಬೀದಿಯ ಇನ್ನೊಂದು ಮನೆಯಲ್ಲಿ ಪ್ರಾರ್ಥನೆ ಮುಂದುವರಿಯಿತು. ಏಪ್ರಿಲ್ 9ರಂದು ಆತ್ಮನ ಸುರಿಮಳೆ, ಹಲ್ಲೆಲೂಯಾ!

ಜನ ಹೆಚ್ಚಾದರು. ಅಜೂಸಾ ಬೀದಿ, 312ನೇ ನಂಬರಿನ ಹಳೇ ಚರ್ಚ್ ಕಟ್ಟಡಕ್ಕೆ ಹೋದರು. ಕೆಳಗೆ ಕುದುರೆ ಕಟ್ಟುತ್ತಿದ್ದ ಜಾಗ. ಮೊಳೆ ತುಂಬುವ ಪೀಪಾಯಿಗಳ ಮೇಲೆ ಹಲಗೆ ಹಾಕಿದರೆ ಅದೇ ಬೆಂಚು. ಎತ್ತರದ ವೇದಿಕೆ ಇಲ್ಲ. ಎರಡು ಮರದ ಪೆಟ್ಟಿಗೆಗಳೇ ಪುಲ್ಪಿಟ್, ಅದೂ ಹಾಲಿನ ನಡುವೆ, ಸುತ್ತಲೂ ಜನ. ಕಪ್ಪು, ಬಿಳಿ, ಮೆಕ್ಸಿಕೋದವರು, ಬಡವರು, ಓದಿದವರು, ಎಲ್ಲರೂ ಭುಜಕ್ಕೆ ಭುಜ ತಾಗಿಸಿ ಕೂತರು. ದಿನಕ್ಕೆ ಮೂರು ಕೂಟ, ವಾರಕ್ಕೆ ಏಳು ದಿನ, ಸುಮಾರು ಮೂರು ವರ್ಷ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಪಾರ್‌ಹಮ್ ಬಂದರು. ತನ್ನನ್ನು ಹೊರಗೆ ಕೂರಿಸಿದವರನ್ನೇ ಸೀಮೋರ್ ಒಳಗೆ ಕರೆದು ಪ್ರಸಂಗಕ್ಕೆ ನಿಲ್ಲಿಸಿದರು. ಪಾರ್‌ಹಮ್‌ಗೆ ಆ ಬೆರೆತ ಜನ ಹಿಡಿಸಲಿಲ್ಲ. ಖಂಡಿಸಿ, ಹತ್ತಿರದಲ್ಲೇ ಬೇರೆ ಕೂಟ ಶುರು ಮಾಡಿದರು.

ಮುಂದಿನದನ್ನೂ ಹೇಳಲೇಬೇಕು. 1911ರಲ್ಲಿ ಬೋಧನೆಯ ಜಗಳ ಬಂದಾಗ, ವಿಲಿಯಂ ಡರ್ಹಮ್ ಎಂಬ ಬೋಧಕರಿಗೆ ಸೀಮೋರ್ ಅವರೇ ಬೀಗ ಹಾಕಿಸಿದರು. ಬೀಗದ ನೋವು ಗೊತ್ತಿದ್ದ ಮನುಷ್ಯ! ಆ ಜಗಳದಿಂದ ಸಭೆ ಇನ್ನೂ ಕುಗ್ಗಿತು. 1922ರಲ್ಲಿ ತೀರಿಕೊಂಡಾಗ ಉಳಿದಿದ್ದವರು ಕೆಲವರೇ. ಪತ್ನಿ ಜೆನ್ನಿ ಸಭೆಯನ್ನು ಮುಂದುವರಿಸಿದರು.

ಇನ್ನು ನಮ್ಮ ಹಾಲ್. ಹೊಸಬರು ಕೊನೇ ಸಾಲಲ್ಲಿ ಕೂತು, ಆಮೆನ್ ಅನ್ನುವ ಮೊದಲೇ ಲಿಫ್ಟ್ ಹತ್ತಿರ ಇರ್ತಾರೆ. ನಾನು ಪುಲ್ಪಿಟ್‌ನಿಂದ ನೋಡ್ತಾನೇ ಇದೀನಿ. ಬರೋ ಭಾನುವಾರ ಚೇರ್‌ಗಳನ್ನ ನಡುವೆ ಜಾಗ ಬಿಟ್ಟು ಸುತ್ತಲೂ ಹಾಕೋಣ. ಯೌವನಸ್ಥರು ಎಂಟು ಗಂಟೆಗೇ ಬನ್ನಿ, ಎತ್ತಿಡೋಕೆ ಕೈ ಬೇಕು.